ಎಲೆಯ ಮೇಲಿನ ಹವೆಯನ್ನು ಅಳೆಯುವ ಬಗೆ

ಹಾಸನ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರಿಗೆ ಆರಿದ್ರಾ, ಪುನರ್ವಸು ಮಳೆಯ ದಿನಗಳೆಂದರೆ ಆತಂಕ. ಮುಂಗಾರಿಗೆ ನೆಟ್ಟ ಬೆಳೆ ಆ ಹೊತ್ತಿಗೆ ಸಾಲು ಮುಚ್ಚುವಂತೆ ಬೆಳೆದು ನಿಂತಿರುತ್ತದೆ. ಮೋಡ ಕವಿದು, ಸೋನೆ ಹಿಡಿದು, ಎರಡು ಮೂರು ದಿನ ಬಿಸಿಲು ಮುಖ ತೋರದಿದ್ದರೆ ಅಂಗಮಾರಿ ಬರಬಹುದೆಂದು ಅವರಿಗೆ ಗೊತ್ತು. ಎಲೆಯಂಚಿನಲ್ಲಿ ನೀರು ತುಂಬಿದಂಥ ಕಲೆ ಕಂಡ ಮೇಲೆ ಹವೆ ಹಾಗೇ ಮುಂದುವರಿದರೆ ವಾರ ಹತ್ತು ದಿನದಲ್ಲಿ ಹೊಲವೇ ಸುಟ್ಟಂತಾಗುತ್ತದೆ. ಆದರೆ ಪ್ರತಿ ಮೋಡವೂ ಅಂಗಮಾರಿ ತರುವುದಿಲ್ಲ. ಈ ಸಲದ್ದು ರೋಗ ತರುವ ಹವೆಯೋ, ಸುಮ್ಮನೆ ಹಾದುಹೋಗುವ ಹವೆಯೋ? ಔಷಧಿ ಇವತ್ತೇ ಹೊಡೆಯಬೇಕೋ, ನಾಲ್ಕು ದಿನ ತಡೆಯಬಹುದೋ? ರೈತನ ಈ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಸಸ್ಯರೋಗ ಸಂಶೋಧನೆ. ಆ ಸಂಶೋಧನೆ ನಿಂತಿರುವುದು ಹೊಲದ ಹವೆಯ ಅಳತೆಯ ಮೇಲೆ.

ಈ ಅಳತೆಯಲ್ಲಿ ಒಂದು ತೊಡಕಿದೆ. ಹೋಬಳಿಯ ಹವಾಮಾನ ಕೇಂದ್ರ ಹೇಳುವುದು ಬಯಲಿನ ಗಾಳಿಯ ಸ್ಥಿತಿಯನ್ನು. ರೋಗಾಣು ಬದುಕುವುದು ಎಲೆಯ ಮೇಲ್ಮೈಗೆ ಅಂಟಿದ ಕೆಲವೇ ಮಿಲಿಮೀಟರ್ ಗಾಳಿಯಲ್ಲಿ, ಅಲ್ಲಿ ಕೂತ ತೆಳ್ಳನೆಯ ನೀರಿನ ಪೊರೆಯಲ್ಲಿ. ಜ್ವರ ಬಂದವನ ಮೈ ಬಿಸಿ ತಿಳಿಯಲು ಥರ್ಮಾಮೀಟರನ್ನು ಹಜಾರದ ಗೋಡೆಗೆ ತೂಗುಹಾಕಿದರೆ ಅಂಕಿ ಸಿಗುತ್ತದೆ, ಜ್ವರ ಮಾತ್ರ ತಿಳಿಯುವುದಿಲ್ಲ. ದುಬಾರಿ ಉಪಕರಣ ಕೊಂಡ ಮಾತ್ರಕ್ಕೆ ಅಳತೆ ನಿಖರವಾಗುವುದಿಲ್ಲ. ಅದನ್ನು ಎಲ್ಲಿ ಇಟ್ಟೆವು, ಹೇಗೆ ಪರೀಕ್ಷಿಸಿದೆವು, ಬಂದ ಅಂಕಿಯನ್ನು ಯಾವ ಲೆಕ್ಕಕ್ಕೆ ಹಿಡಿದೆವು ಎಂಬ ಮೂರರಿಂದಲೇ ನಿಖರತೆ ಬರುತ್ತದೆ.

ರೋಗಾಣು ಕೇಳುವುದು ಗಂಟೆಗಳ ಲೆಕ್ಕ

ರೋಗ ಬರಬೇಕಾದರೆ ಮೂರು ಸೇರಬೇಕು: ರೋಗಕ್ಕೆ ಬಗ್ಗುವ ಬೆಳೆ, ರೋಗಾಣು, ಅದಕ್ಕೆ ಒಗ್ಗುವ ಹವೆ. ಅಂಗಮಾರಿಯ ರೋಗಾಣು ಫೈಟಾಫ್ತೊರಾ ಇನ್‌ಫೆಸ್ಟನ್ಸ್. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಮಹಾಕ್ಷಾಮಕ್ಕೆ ದಾರಿ ಮಾಡಿದ್ದು ಇದೇ. ನೋಡಲು ಶಿಲೀಂಧ್ರದಂತಿದ್ದರೂ ಇದು ವಂಶದಲ್ಲಿ ನೀರಿನ ಪಾಚಿಗಳ ನೆಂಟ. ಅದರ ಬೀಜಕಣದ ಚೀಲಗಳು ಗಾಳಿಯಲ್ಲಿ ಬಂದು ಎಲೆಯ ಮೇಲೆ ಇಳಿಯುತ್ತವೆ. ಅಲ್ಲಿ ನೀರಿದ್ದು, ಸುಮಾರು 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪಿದ್ದರೆ ಪ್ರತಿ ಚೀಲ ಒಡೆದು ಹಲವು ಈಜುವ ಬೀಜಕಣಗಳನ್ನು ಬಿಡುತ್ತದೆ. 20 ಡಿಗ್ರಿ ದಾಟಿದ ಬೆಚ್ಚಗಿನ ನೀರಿನಲ್ಲಾದರೆ ಚೀಲವೇ ನೇರ ಮೊಳೆಯುತ್ತದೆ. ಎರಡರಲ್ಲಿ ಯಾವುದಾದರೂ ಎಲೆಯೊಳಗೆ ಇಳಿಯುವವರೆಗೆ ಮೇಲಿನ ನೀರು ಆರಬಾರದು. ಆರಿದರೆ ಅಲ್ಲಿಗೇ ಮುಗಿಯಿತು.

ಆದ್ದರಿಂದ ರೋಗಾಣುವಿಗೆ ದಿನದ ಸರಾಸರಿ ಉಷ್ಣಾಂಶ, ಸರಾಸರಿ ಆರ್ದ್ರತೆಗಳಿಂದ ಪ್ರಯೋಜನವಿಲ್ಲ. ಎಷ್ಟು ಗಂಟೆ ಒಂದೇ ಸಮನೆ ಒದ್ದೆಯಿತ್ತು, ಆ ಗಂಟೆಗಳಲ್ಲಿ ಎಷ್ಟು ತಂಪಿತ್ತು ಎಂಬುದೇ ಅದಕ್ಕೆ ಮುಖ್ಯ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮಿಲ್ಸ್ 1944ರಲ್ಲಿ ಸೇಬಿನ ಹುರುಕು ರೋಗಕ್ಕೆ ಮಾಡಿದ ಕೋಷ್ಟಕ ಈ ತತ್ವದ ಮೇಲೆಯೇ ನಿಂತಿದೆ: ಉಷ್ಣಾಂಶ ಇಷ್ಟಿದ್ದರೆ ಎಲೆ ಇಷ್ಟು ಗಂಟೆ ಒದ್ದೆಯಿರಬೇಕು.

ಅಂಗಮಾರಿಗೆ ಬ್ರಿಟನ್ನಿನಲ್ಲಿ ಇಂಥ ಮೂರು ಸೂತ್ರಗಳು ಒಂದರ ಹಿಂದೊಂದು ಬಂದವು. 1947ರ ಬೋಮಾಂಟ್ ಸೂತ್ರದಂತೆ 48 ಗಂಟೆ ಕಾಲ ಉಷ್ಣಾಂಶ 10 ಡಿಗ್ರಿಗಿಂತ, ಆರ್ದ್ರತೆ ಶೇ. 75ಕ್ಕಿಂತ ಕೆಳಗಿಳಿಯಬಾರದು. 1956ರ ಸ್ಮಿತ್ ಸೂತ್ರ ಎರಡು ದಿನಗಳ ಸತತ ಹವೆ ನೋಡುತ್ತದೆ: ಕನಿಷ್ಠ ಉಷ್ಣಾಂಶ 10 ಡಿಗ್ರಿ, ದಿನಕ್ಕೆ 11 ಗಂಟೆಯಾದರೂ ಶೇ. 90 ಅಥವಾ ಹೆಚ್ಚಿನ ಆರ್ದ್ರತೆ. ರೋಗಾಣುವಿನ ಹೊಸ ತಳಿಗಳು ಬಂದ ಮೇಲೆ ಈ ಸೂತ್ರ ಹಲವು ಸಲ ಎಚ್ಚರಿಸದೆ ಹೋಗತೊಡಗಿತು. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಸಂಸ್ಥೆಯ ಸಂಶೋಧಕರು ಮತ್ತೆ ಲೆಕ್ಕ ಹಾಕಿದರು. 2017ರಿಂದ ಬಳಕೆಗೆ ಬಂದ ಹಟನ್ ಸೂತ್ರದಲ್ಲಿ 11 ಗಂಟೆ 6 ಗಂಟೆಗೆ ಇಳಿಯಿತು.

ಈ ಸೂತ್ರವನ್ನು ಹಾಗೇ ಹಾಸನಕ್ಕೆ ತಂದರೆ ಏನಾಗುತ್ತದೆ? ಮುಂಗಾರಿನ ಹಾಸನದಲ್ಲಿ ಉಷ್ಣಾಂಶ 10 ಡಿಗ್ರಿಗೆ ಇಳಿಯುವುದೇ ಇಲ್ಲ. ಉಷ್ಣಾಂಶದ ಷರತ್ತು ದಿನವೂ ತಾನಾಗಿ ಪೂರೈಸಿಬಿಡುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಉಳಿಯುವುದು ಒದ್ದೆಯ ಗಂಟೆಗಳ ಲೆಕ್ಕ ಒಂದೇ. ಇನ್ನೊಂದು ತುದಿಯಲ್ಲಿ, ಹಗಲು ಎಷ್ಟು ಬಿಸಿಯಾದರೆ ರೋಗ ಹಿಂಜರಿಯುತ್ತದೆ ಎಂಬ ಮೇಲಿನ ಮಿತಿಯನ್ನು ನಾವೇ ಕಂಡುಕೊಳ್ಳಬೇಕು. ದಕ್ಷಿಣ ಭಾರತದ ಟೊಮೆಟೊ, ಆಲೂಗಡ್ಡೆಗಳಲ್ಲಿ ಯುರೋಪಿನ 13_ಎ2 ಎಂಬ ಉಗ್ರ ತಳಿ ಕಾಣಿಸಿಕೊಂಡಿರುವುದರಿಂದ ಹಳೆಯ ಮಿತಿಗಳನ್ನು ಮರುಪರೀಕ್ಷಿಸುವ ಅಗತ್ಯ ಹೆಚ್ಚಿದೆ. ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಇಂಡೋ-ಬ್ಲೈಟ್‌ಕಾಸ್ಟ್ ಎಂಬ ಮುನ್ಸೂಚನಾ ಪದ್ಧತಿಯನ್ನು ರೂಪಿಸಿದೆ. ಅಂಥ ಯಾವ ಪದ್ಧತಿಯೂ ಊರಿನ ಹೊಲದ ಅಳತೆಯೊಡನೆ ತಾಳೆಯಾದ ಮೇಲೆಯೇ ಆ ಊರಿನ ರೈತನಿಗೆ ಭರವಸೆ ಕೊಡಬಲ್ಲದು.

ಎಲ್ಲಿ ಇಡಬೇಕು

ಹವೆ ಎತ್ತರದೊಂದಿಗೆ ಎಷ್ಟು ಬದಲಾಗುತ್ತದೆಂಬುದನ್ನು ತೋರಿಸಿಕೊಟ್ಟವರಲ್ಲಿ ನಮ್ಮ ದೇಶದವರೂ ಇದ್ದಾರೆ. 1932ರಲ್ಲಿ ಪುಣೆಯಲ್ಲಿ ಆರಂಭವಾದ ಕೃಷಿ ಹವಾಮಾನ ವಿಭಾಗವನ್ನು ಕಟ್ಟಿದ ಎಲ್. ಎ. ರಾಮದಾಸ್ ಒಂದು ವಿಚಿತ್ರ ಗಮನಿಸಿದರು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಅತಿ ತಂಪಿನ ಗಾಳಿ ನೆಲಕ್ಕೆ ಅಂಟಿಕೊಂಡಿರಬೇಕೆಂದು ಎಲ್ಲರೂ ನಂಬಿದ್ದರು. ಅದು ಇದ್ದದ್ದು ನೆಲದಿಂದ ಗೇಣು ಮೊಳದಷ್ಟು ಮೇಲೆ. ಹಲವರು ಇದನ್ನು ಅಳತೆಯ ತಪ್ಪೆಂದು ಬದಿಗಿಟ್ಟರು. ಅಳತೆಗಳು ಮತ್ತೆ ಮತ್ತೆ ಅದನ್ನೇ ಹೇಳಿದವು. 1993ರಲ್ಲಿ ಬೆಂಗಳೂರಿನ ರೊದ್ದಂ ನರಸಿಂಹ ಮತ್ತು ಸಂಗಡಿಗರು ಇದಕ್ಕೊಂದು ಭೌತಶಾಸ್ತ್ರೀಯ ವಿವರಣೆ ಕೊಟ್ಟರು. ಇಂದು ಇದನ್ನು ರಾಮದಾಸ್ ಪದರ ಎನ್ನುತ್ತಾರೆ. ಆಲೂಗಡ್ಡೆ, ಶೇಂಗಾ, ಟೊಮೆಟೊ ಗಿಡಗಳ ಎಲೆಗಳಿರುವುದು ಸರಿಸುಮಾರು ಇದೇ ಎತ್ತರದ ವ್ಯಾಪ್ತಿಯಲ್ಲಿ. ಬೆಳೆ ತುಂಬಿದ ಹೊಲದ ಕಥೆ ಬರಿನೆಲಕ್ಕಿಂತ ಬೇರೆಯಾದರೂ ಪಾಠ ಒಂದೇ: ಒಂದು ಎತ್ತರದ ಅಂಕಿಯಿಂದ ಇನ್ನೊಂದು ಎತ್ತರವನ್ನು ಊಹಿಸಬಾರದು.

ಹಾಗಾದರೆ ಸಂಶೋಧನಾ ತಾಕಿನಲ್ಲಿ ಎರಡು ಜಾಗದಲ್ಲಿ ಅಳೆಯಬೇಕಾಗುತ್ತದೆ. ಮೊದಲನೆಯದು ಬೆಳೆಯ ಪಕ್ಕದ ತೆರೆದ ಜಾಗ. ಅಲ್ಲಿ ಹುಲ್ಲು ಬೆಳೆದ ನೆಲದ ಮೇಲೆ, ವಿಶ್ವ ಹವಾಮಾನ ಸಂಸ್ಥೆ ಹೇಳುವ 1.25ರಿಂದ 2 ಮೀಟರ್ ಎತ್ತರದಲ್ಲಿ ಉಷ್ಣಾಂಶ, ಆರ್ದ್ರತೆ ಅಳೆಯುವುದು. ಬೇರೆ ಊರಿನ, ಬೇರೆ ವರ್ಷದ ಅಂಕಿಗಳೊಂದಿಗೆ ಹೋಲಿಸಲು ಇದು ಬೇಕು. ಪ್ರಕಟವಾದ ಸೂತ್ರಗಳೆಲ್ಲ ಬಹುಮಟ್ಟಿಗೆ ಈ ಎತ್ತರದ ಅಂಕಿಗಳ ಮೇಲೆ ನಿಂತಿವೆ. ಎರಡನೆಯದು ಬೆಳೆಯ ಒಳಗೆ, ಎಲೆಗಳ ನಡುವೆ. ರೋಗ ನಡೆಯುವ ಜಾಗದ ಸತ್ಯ ಅಲ್ಲಿದೆ. ಇವೆರಡನ್ನು ಬೆರೆಸಬಾರದು. ತೆರೆದ ಜಾಗದ ಅಂಕಿಗೆ ಮಾಡಿದ ಸೂತ್ರಕ್ಕೆ ಬೆಳೆಯೊಳಗಿನ ಆರ್ದ್ರತೆ ತುಂಬಿದರೆ ದಿನವೂ ಅಪಾಯದ ಗಂಟೆ ಬಾರಿಸುತ್ತದೆ, ಏಕೆಂದರೆ ಬೆಳೆಯೊಳಗೆ ತೇವ ಯಾವಾಗಲೂ ಹೆಚ್ಚು.

ಜಾಗ ಆರಿಸುವಾಗ ಬದುವಿನ ಮರ, ಪಂಪ್‌ಸೆಟ್ ಮನೆ, ಕೆರೆ ಏರಿ, ಡಾಂಬರು ರಸ್ತೆ ಇವುಗಳಿಂದ ದೂರವಿರಬೇಕು. ಹೊಲದ ತಗ್ಗು ಮೂಲೆಯಲ್ಲಿ ರಾತ್ರಿ ತಂಪು ಗಾಳಿ ಇಳಿದು ನಿಲ್ಲುತ್ತದೆ. ಅಲ್ಲಿನ ಅಂಕಿ ಹೊಲದ ಉಳಿದ ಭಾಗಕ್ಕೆ ಸಲ್ಲದು. ಆದರೆ ರೋಗ ಮೊದಲು ಕಾಣಿಸುವುದು ಹೆಚ್ಚಾಗಿ ಅಂಥ ಮೂಲೆಯಲ್ಲೇ. ಆದ್ದರಿಂದ ಅಲ್ಲಿ ಬೇರೆಯೇ ಒಂದು ಸೆನ್ಸರ್ ಇಟ್ಟರೆ ಅದೊಂದು ಒಳ್ಳೆಯ ಪಾಠವಾಗುತ್ತದೆ.

ಉಷ್ಣಾಂಶ: ಬಿಸಿಲಿನಿಂದ ಮರೆ

ಉಷ್ಣಾಂಶ ಅಳೆಯುವುದು ಎಲ್ಲಕ್ಕಿಂತ ಸುಲಭವೆನಿಸುತ್ತದೆ. ಇಂದಿನ ಸೆನ್ಸರ್‌ಗಳು ಅರ್ಧ ಡಿಗ್ರಿಯೊಳಗೆ ಸರಿ ಹೇಳುತ್ತವೆ. ತಪ್ಪು ನುಸುಳುವುದು ಅದರ ಮನೆಯಿಂದ. ನೇರ ಬಿಸಿಲು ಬಿದ್ದ ಸೆನ್ಸರ್ ಗಾಳಿಯ ಉಷ್ಣಾಂಶ ಹೇಳದೆ ತನ್ನ ಮೈಯ ಬಿಸಿಯನ್ನೇ ಹೇಳುತ್ತದೆ. ಇದಕ್ಕೆ ಪರಿಹಾರವಾಗಿ ಸ್ಕಾಟ್ಲೆಂಡಿನ ದೀಪಸ್ತಂಭ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ 1864ರಲ್ಲಿ ರೂಪಿಸಿದ ಬಿಳಿಬಣ್ಣದ, ಓರೆ ಪಟ್ಟಿಗಳ ಗೋಡೆಯ ಮರದ ಪೆಟ್ಟಿಗೆ ಇಂದಿಗೂ ನಮ್ಮ ಹವಾಮಾನ ಕೇಂದ್ರಗಳಲ್ಲಿದೆ. ಬಾಗಿಲು ತೆಗೆದಾಗ ಬಿಸಿಲು ಒಳಬೀಳದಂತೆ ನಮ್ಮಲ್ಲಿ ಅದರ ಬಾಗಿಲನ್ನು ಉತ್ತರಕ್ಕೆ ಇಡುತ್ತಾರೆ. ಸ್ವಯಂಚಾಲಿತ ಕೇಂದ್ರಗಳಲ್ಲಿ ಒಂದರ ಮೇಲೊಂದು ಬಿಳಿ ತಟ್ಟೆ ಜೋಡಿಸಿದ ಕವಚ ಇರುತ್ತದೆ. ಗಾಳಿ ಬೀಸುತ್ತಿದ್ದರೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬಿಸಿಲು ಚುರುಕಾಗಿದ್ದು ಗಾಳಿ ನಿಂತುಹೋದರೆ ಕವಚದೊಳಗೇ ಬಿಸಿ ಕೂಡಿಕೊಂಡು ಒಂದೆರಡು ಡಿಗ್ರಿ ಹೆಚ್ಚು ತೋರಿಸಬಹುದು. ಬೆಳೆಯ ಒಳಗಂತೂ ಗಾಳಿಯ ಓಡಾಟ ಕಡಿಮೆಯೇ. ಅಲ್ಲಿ ಸಣ್ಣ ಫ್ಯಾನಿನಿಂದ ಗಾಳಿ ಎಳೆಯುವ ಕವಚ ಬಳಸುವುದು ಮೇಲು. ಧೂಳು ಮೆತ್ತಿ ಕಂದಾದ ಕವಚ ಬಿಸಿಲನ್ನು ಹೀರುತ್ತದೆ. ಅದನ್ನು ಆಗಾಗ ತೊಳೆಯಬೇಕು.

ಆರ್ದ್ರತೆ: ಒಂದು ಡಿಗ್ರಿಯ ಬೆಲೆ

ಆರ್ದ್ರತೆಯೆಂದರೆ ಗಾಳಿ ಆ ಉಷ್ಣಾಂಶದಲ್ಲಿ ಹಿಡಿಯಬಲ್ಲ ಗರಿಷ್ಠ ಆವಿಯಲ್ಲಿ ಶೇಕಡ ಎಷ್ಟು ಈಗ ಇದೆ ಎಂಬ ಲೆಕ್ಕ. ಹಿಡಿಯುವ ಶಕ್ತಿ ಉಷ್ಣಾಂಶದೊಂದಿಗೆ ಏರುತ್ತದೆ. 20 ಡಿಗ್ರಿಯಲ್ಲಿ ಪೂರ್ತಿ ತುಂಬಿದ ಗಾಳಿಯನ್ನು, ಆವಿ ಸೇರಿಸದೆ, 21 ಡಿಗ್ರಿಗೆ ಬಿಸಿ ಮಾಡಿದರೆ ಆರ್ದ್ರತೆ ಶೇ. 100ರಿಂದ ಸುಮಾರು 94ಕ್ಕೆ ಇಳಿಯುತ್ತದೆ. 22 ಡಿಗ್ರಿಗೆ ಏರಿದರೆ ಶೇ. 90ರ ಗೆರೆಯ ಕೆಳಕ್ಕೇ ಜಾರುತ್ತದೆ. ಸೂತ್ರದ ಗೆರೆ ಇರುವುದೂ ಶೇ. 90ರಲ್ಲೇ. ಉಷ್ಣಾಂಶದ ಕವಚದಲ್ಲಾದ ಸಣ್ಣ ಎಡವಟ್ಟು ಆರ್ದ್ರತೆಯ ಗಂಟೆಗಳನ್ನು ಹೀಗೆ ನುಂಗಿಹಾಕುತ್ತದೆ.

ಸೆನ್ಸರಿನ ಸ್ವಂತ ದೋಷವೂ ಇದಕ್ಕೆ ಸೇರುತ್ತದೆ. ಸಾಮಾನ್ಯ ಎಲೆಕ್ಟ್ರಾನಿಕ್ ಆರ್ದ್ರತಾ ಸೆನ್ಸರ್ ಎರಡು ಮೂರು ಶೇಕಡ ಅತ್ತಿತ್ತ ಹೇಳುವುದು ಸಹಜ. ಶೇ. 90 ದಾಟಿದ ಮೇಲೆ ಈ ದೋಷ ಇನ್ನೂ ಹೆಚ್ಚುತ್ತದೆ, ವರ್ಷ ಕಳೆದಂತೆ ಅಂಕಿ ಜಾರುತ್ತದೆ. ರಾತ್ರಿ ಹತ್ತು ಗಂಟೆ ಕಾಲ ನಿಜವಾದ ಆರ್ದ್ರತೆ ಶೇ. 91 ಇತ್ತೆಂದುಕೊಳ್ಳಿ. ಎರಡು ಶೇಕಡ ಕಡಿಮೆ ಹೇಳುವ ಸೆನ್ಸರ್ ಶೇ. 89 ಎಂದು ಬರೆಯುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗಂಟೆಯ ಜಾಗದಲ್ಲಿ ಸೊನ್ನೆ ಬೀಳುತ್ತದೆ. ರೋಗ ಬಂದರೆ ಸೂತ್ರ ಸುಳ್ಳೆಂದು ದೂರುತ್ತೇವೆ.

ಇದನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಅಡುಗೆ ಉಪ್ಪಿಗೆ ತುಸುವೇ ನೀರು ಬೆರೆಸಿ, ಕರಗದ ಉಪ್ಪು ಉಳಿಯುವಂತೆ ಹಸಿ ರಾಡಿ ಮಾಡಿ, ಗಾಳಿ ಹೋಗದ ಡಬ್ಬಿಯಲ್ಲಿಟ್ಟರೆ ಒಳಗಿನ ಆರ್ದ್ರತೆ 25 ಡಿಗ್ರಿಯಲ್ಲಿ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಬಳಸಿದರೆ ಸುಮಾರು ಶೇ. 94, ಪೊಟ್ಯಾಸಿಯಂ ಸಲ್ಫೇಟಿನಿಂದ ಶೇ. 97. ಸೆನ್ಸರನ್ನು ಉಪ್ಪಿಗೆ ತಾಗದಂತೆ ಡಬ್ಬಿಯೊಳಗೆ ತೂಗಿಬಿಟ್ಟು, ಉಷ್ಣಾಂಶ ಏರಿಳಿಯದ ಕೋಣೆಯಲ್ಲಿ ಒಂದು ರಾತ್ರಿ ಬಿಟ್ಟು ಓದಬೇಕು. ರೋಗದ ಲೆಕ್ಕಕ್ಕೆ ಶೇ. 75ರ ಒಂದೇ ಪರೀಕ್ಷೆ ಸಾಲದು. ನಮ್ಮ ಗೆರೆ ಶೇ. 90ರ ಬಳಿ ಇರುವುದರಿಂದ ಮೇಲಿನ ಬಿಂದುವೊಂದು ಇರಲೇಬೇಕು. ಹಂಗಾಮಿಗೆ ಮೊದಲು, ಹಂಗಾಮು ಮುಗಿದ ಮೇಲೆ ಎರಡು ಸಲ ಮಾಡಿ ಫಲಿತಾಂಶವನ್ನು ದಾಖಲೆಯಲ್ಲಿ ಬರೆದಿಡಬೇಕು.

ನಮ್ಮ ಕೃಷಿ ಹವಾಮಾನ ಕೇಂದ್ರಗಳ ಪದ್ಧತಿಯಲ್ಲಿ ಬೆಳಗ್ಗೆ 7ಕ್ಕೆ, ಮಧ್ಯಾಹ್ನ 2ಕ್ಕೆ ಒಣ ಮತ್ತು ತೇವ ಬಲ್ಬಿನ ಥರ್ಮಾಮೀಟರ್ ಓದಿ ಆರ್ದ್ರತೆ ಕಂಡುಹಿಡಿಯುತ್ತಾರೆ. ಈ ಎರಡು ಅಂಕಿಗಳನ್ನೇ ಹಿಡಿದು ರೋಗದೊಂದಿಗೆ ಸಂಬಂಧ ಹುಡುಕಿದ ಪ್ರಬಂಧಗಳು ನಮ್ಮಲ್ಲಿ ಬಹಳ. ದಶಕಗಳ ಕಾಲ ಶಿಸ್ತಿನಿಂದ ಬರೆದಿಟ್ಟ ಈ ದಾಖಲೆ ಅಮೂಲ್ಯ. ಆದರೆ ರಾತ್ರಿ ಎಷ್ಟು ಗಂಟೆ ತೇವವಿತ್ತೆಂಬುದು ದಿನಕ್ಕೆರಡು ಓದಿನಿಂದ ಸಿಗುವುದಿಲ್ಲ. ರೋಗದ ಅಧ್ಯಯನಕ್ಕೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬರೆದುಕೊಳ್ಳುವ ಡೇಟಾ ಲಾಗರ್ ಬೇಕೇ ಬೇಕು.

ಎಲೆಯ ಒದ್ದೆ: ಅತಿ ಮುಖ್ಯ, ಅತಿ ಕಷ್ಟ

ಮಳೆ, ಇಬ್ಬನಿ, ಮಂಜು, ತುಂತುರು ನೀರಾವರಿ ಇವುಗಳಲ್ಲಿ ಯಾವುದರಿಂದಲಾದರೂ ಎಲೆ ತೊಯ್ಯಬಹುದು. ನಿರ್ಮಲ ರಾತ್ರಿಯಲ್ಲಿ ಎಲೆ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಗಾಳಿಯ ಆರ್ದ್ರತೆ ಶೇ. 100 ಮುಟ್ಟದಿದ್ದರೂ ಎಲೆಯ ಮೇಲೆ ಇಬ್ಬನಿ ಕೂಡುತ್ತದೆ. ಮಳೆಮಾಪಕಕ್ಕೆ ಈ ನೀರಿನ ಸುಳಿವೇ ಇರುವುದಿಲ್ಲ.

ಇಬ್ಬನಿ ಅಳೆಯಲು ನಮ್ಮ ಕೇಂದ್ರಗಳಲ್ಲಿ ಬಹಳ ಕಾಲದಿಂದ ಬಳಸಿದ್ದು ಡುವ್‌ದೆವಾನಿ ಮಾಪಕ. ವಿಶೇಷ ಬಣ್ಣ ಬಳಿದ ಮರದ ತುಂಡನ್ನು ಸಂಜೆ ಬೇರೆ ಬೇರೆ ಎತ್ತರದಲ್ಲಿಟ್ಟು, ಸೂರ್ಯೋದಯಕ್ಕೆ ಅದರ ಮೇಲಿನ ಹನಿಗಳ ಗಾತ್ರ, ಆಕಾರವನ್ನು ಮಾದರಿ ಚಿತ್ರಗಳೊಂದಿಗೆ ಹೋಲಿಸುತ್ತಾರೆ. ಎಷ್ಟು ಇಬ್ಬನಿ ಬಿತ್ತೆಂದು ಅದು ಹೇಳುತ್ತದೆ. ಯಾವಾಗ ಕೂಡಿತು, ಯಾವಾಗ ಆರಿತು ಎಂದು ಹೇಳುವುದಿಲ್ಲ.

ಆ ಕೆಲಸಕ್ಕೆ ಬಂದದ್ದು ಎಲೆ ಒದ್ದೆಯ ಸೆನ್ಸರ್. ಒಂದು ಬಗೆಯದು ತಾಮ್ರದ ಎಳೆಗಳು ಬಾಚಣಿಗೆಯ ಹಲ್ಲಿನಂತೆ ಹೆಣೆದ ಚಪ್ಪಟೆ ಫಲಕ. ನೀರು ಬಿದ್ದಾಗ ಎಳೆಗಳ ನಡುವಿನ ವಿದ್ಯುತ್ ತಡೆ ಇಳಿಯುತ್ತದೆ. ಇನ್ನೊಂದು ಬಗೆಯದು ಮೇಲ್ಮೈಯ ವಿದ್ಯುತ್ ಗುಣ ನೀರಿನಿಂದ ಬದಲಾಗುವುದನ್ನು ಗುರುತಿಸುತ್ತದೆ. ಎರಡೂ ಎಲೆಯಂತೆ ನಟಿಸುವ ಕೃತಕ ಎಲೆಗಳು. ಎಲೆ ಒದ್ದೆಯನ್ನು ಅಳೆಯಲು ಮಳೆಗೋ ಉಷ್ಣಾಂಶಕ್ಕೋ ಇರುವಂಥ ಅಂತರರಾಷ್ಟ್ರೀಯ ಮಾನದಂಡ ಇಲ್ಲ. ಹೀಗಾಗಿ ಬಳಸುವವರ ಜವಾಬ್ದಾರಿಯೇ ಹೆಚ್ಚು.

ಮೊದಲನೆಯದು ಬಣ್ಣ. ಬರಿ ಫಲಕದ ಮೇಲೆ ಸಣ್ಣ ಇಬ್ಬನಿ ಹನಿಗಳು ಎರಡು ಎಳೆಗಳ ನಡುವೆ ಬಿಡಿಬಿಡಿಯಾಗಿ ಕೂತರೆ ಸೆನ್ಸರಿಗೆ ಗೊತ್ತೇ ಆಗುವುದಿಲ್ಲ. ತೆಳುವಾಗಿ ಲೇಟೆಕ್ಸ್ ಬಣ್ಣ ಬಳಿದರೆ ಹನಿ ಹರಡಿಕೊಂಡು ಬೇಗ ಗುರುತಾಗುತ್ತದೆ. ಕೆನಡಾದ ಗಿಲೆಸ್ಪಿ ಮತ್ತು ಕಿಡ್ 1978ರಲ್ಲೇ ಬೇರೆ ಬೇರೆ ಬಣ್ಣಗಳನ್ನು ಹೋಲಿಸಿ, ಬಣ್ಣದಿಂದ ಆರುವ ಸಮಯವೂ ಬದಲಾಗುತ್ತದೆಂದು ತೋರಿಸಿದರು. ಒಂದು ಅಧ್ಯಯನದ ಎಲ್ಲ ಸೆನ್ಸರ್‌ಗಳಿಗೂ ಒಂದೇ ಬಣ್ಣ, ಒಂದೇ ದಪ್ಪ ಇರಬೇಕು.

ಎರಡನೆಯದು ಕೋನ ಮತ್ತು ದಿಕ್ಕು. ಸಮತಟ್ಟಾಗಿಟ್ಟರೆ ಮಳೆನೀರು ನಿಂತು ಬಹಳ ಹೊತ್ತು ಒದ್ದೆ ತೋರಿಸುತ್ತದೆ. 30ರಿಂದ 45 ಡಿಗ್ರಿ ಓರೆಯಾಗಿಟ್ಟರೆ ಹೆಚ್ಚುವರಿ ನೀರು ಜಾರುತ್ತದೆ. ಉತ್ತರಕ್ಕೆ ಮುಖ ಮಾಡಿಡುವುದು ರೂಢಿ, ನೇರ ಬಿಸಿಲು ಬಿದ್ದು ಎಲೆಗಳಿಗಿಂತ ಮೊದಲೇ ಸೆನ್ಸರ್ ಆರಿಬಿಡದಿರಲಿ ಎಂದು. ತೆರೆದ ಜಾಗದ ಹೋಲಿಕೆಗೆ ಹುಲ್ಲಿನ ಮೇಲೆ 30 ಸೆಂಟಿಮೀಟರ್ ಎತ್ತರದಲ್ಲಿ ಒಂದು ಇಡಬಹುದು. ಬೆಳೆಯಲ್ಲಿ ಕನಿಷ್ಠ ಎರಡು ಬೇಕು: ಒಂದು ಮೇಲಿನ ಎಲೆಗಳ ಮಟ್ಟದಲ್ಲಿ, ಇನ್ನೊಂದು ಒಳಗೆ. ಇಬ್ಬನಿ ಮೊದಲು ಕೂಡುವುದು ಆಕಾಶಕ್ಕೆ ತೆರೆದ ಮೇಲಿನ ಎಲೆಗಳಲ್ಲಿ. ಮಳೆ ನಿಂತ ಮೇಲೆ ಕಡೆಗೆ ಆರುವುದು ಒಳಗಿನ ಎಲೆ. ಬೆಳೆ ಎತ್ತರವಾದಂತೆ ಸೆನ್ಸರನ್ನೂ ಏರಿಸಬೇಕು, ಏರಿಸಿದ ದಿನವನ್ನು ಬರೆಯಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕಣ್ಣಿನ ಸಾಕ್ಷಿ. ಸೆನ್ಸರ್ ಕೊಡುವುದು ಒಂದು ಸಂಖ್ಯೆ. ಯಾವ ಸಂಖ್ಯೆಯ ಮೇಲೆ ಒದ್ದೆ, ಯಾವುದರ ಕೆಳಗೆ ಒಣ ಎಂದು ತೀರ್ಮಾನಿಸಬೇಕಾದವರು ನಾವು. ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗಿ, ಗುರುತು ಕಟ್ಟಿದ ಇಪ್ಪತ್ತು ಎಲೆಗಳನ್ನು ಹದಿನೈದು ನಿಮಿಷಕ್ಕೊಮ್ಮೆ ನೋಡಿ, ತೆಳು ಕಾಗದ ಒತ್ತಿ, ಎಷ್ಟು ಎಲೆ ಇನ್ನೂ ಒದ್ದೆ ಎಂದು ಬರೆಯುತ್ತ ಹೋಗಬೇಕು. ಅರ್ಧದಷ್ಟು ಎಲೆ ಆರಿದ ಹೊತ್ತಿಗೆ ಸೆನ್ಸರಿನ ಸಂಖ್ಯೆ ಎಷ್ಟಿತ್ತೋ ಅದೇ ನಮ್ಮ ಗೆರೆ. ಇಬ್ಬನಿಯ ಬೆಳಗು, ಮಳೆಯ ಬೆಳಗು, ಮೋಡದ ಬೆಳಗು ಹೀಗೆ ಬಗೆಬಗೆಯ ದಿನಗಳಲ್ಲಿ ಇದನ್ನು ಮಾಡಿದರೆ ಸೆನ್ಸರಿನ ಸ್ವಭಾವ ಅರ್ಥವಾಗುತ್ತದೆ. ಮೇಣ ಮೆತ್ತಿದ ಕೋಸಿನ ಎಲೆಯಲ್ಲಿ ನೀರು ಮಣಿಮಣಿಯಾಗಿ ನಿಲ್ಲುತ್ತದೆ, ಆಲೂಗಡ್ಡೆಯ ರೋಮದ ಎಲೆಯಲ್ಲಿ ನಿಲ್ಲುವ ಬಗೆ ಬೇರೆ. ಒಂದು ಬೆಳೆಗೆ ಕಂಡುಕೊಂಡ ಗೆರೆ ಇನ್ನೊಂದಕ್ಕೆ ಹೊಂದದು.

ಔಷಧಿ ಸಿಂಪಡಿಸುವಾಗ ಸೆನ್ಸರಿಗೆ ಚೀಲ ಮುಚ್ಚಬೇಕು. ಸಿಂಪಡಣೆಯ ಉಪ್ಪಿನ ಪೊರೆ ಕೂತರೆ ಒಣಗಿದಾಗಲೂ ಒದ್ದೆ ಎನ್ನುತ್ತದೆ. ವಾರಕ್ಕೊಮ್ಮೆ ಶುದ್ಧ ನೀರಿನಿಂದ ಮೆಲ್ಲಗೆ ಒರೆಸುವುದು ಒಳ್ಳೆಯದು. ಸೆನ್ಸರ್ ಇಲ್ಲದ ಕಡೆ ಶೇ. 90 ಮೀರಿದ ಆರ್ದ್ರತೆಯ ಗಂಟೆಗಳನ್ನೇ ಒದ್ದೆಯ ಗಂಟೆಗಳೆಂದು ಹಿಡಿಯುವ ರೂಢಿ ಇದೆ. ಊಹೆಗೆ ಅದು ನೆರವಾಗುತ್ತದೆ. ಊಹೆಯೆಂದು ಪ್ರಬಂಧದಲ್ಲಿ ಸ್ಪಷ್ಟವಾಗಿ ಹೇಳಬೇಕು.

ಮಳೆ: ಎಷ್ಟು ಎಂಬುದರ ಜೊತೆಗೆ ಎಷ್ಟು ಹೊತ್ತು

ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಹವಾಮಾನ ಇಲಾಖೆಯ ಸಾಮಾನ್ಯ ಮಳೆಮಾಪಕವನ್ನು ಬೆಳಗ್ಗೆ 8.30ಕ್ಕೆ ಓದುತ್ತಾರೆ, ಹಿಂದಿನ 24 ಗಂಟೆಯ ಮೊತ್ತ ಸಿಗುತ್ತದೆ. ಮರ, ಕಟ್ಟಡಗಳು ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರದಲ್ಲಿ, ಸಾಧ್ಯವಾದರೆ ನಾಲ್ಕರಷ್ಟು ದೂರದಲ್ಲಿ ಇದನ್ನು ಇಡಬೇಕು.

ರೋಗದ ಅಧ್ಯಯನಕ್ಕೆ ಮೊತ್ತಕ್ಕಿಂತ ಹೊತ್ತು ಮುಖ್ಯ. ಒಂದೇ ಸಂಜೆ ಎರಡು ಗಂಟೆ ಸುರಿದು ಬಿಟ್ಟ 60 ಮಿಲಿಮೀಟರಿಗಿಂತ ಹಗಲೂ ರಾತ್ರಿ ಜಿನುಗಿದ 10 ಮಿಲಿಮೀಟರ್ ಅಂಗಮಾರಿಗೆ ಹೆಚ್ಚು ಅನುಕೂಲ. ಸಮಯ ತಿಳಿಯಲು ಜೋಡಿ ಬಟ್ಟಲಿನ ಸ್ವಯಂಚಾಲಿತ ಮಾಪಕ ಬೇಕು. ಒಂದು ಬಟ್ಟಲು ತುಂಬಿ ಮಗುಚಿದಾಗ ಒಂದು ಎಣಿಕೆ. ಪ್ರತಿ ಮಗುಚಿಗೆ 0.2 ಮಿಲಿಮೀಟರ್ ಇರುವ ಮಾಪಕ ಸೋನೆಯನ್ನು ಬೇಗ ಗುರುತಿಸುತ್ತದೆ, 0.5 ಮಿಲಿಮೀಟರಿನದಾದರೆ ಮೊದಲ ಎಣಿಕೆಗೇ ಬಹಳ ಹೊತ್ತು ಹಿಡಿಯಬಹುದು, ಅಷ್ಟರಲ್ಲಿ ಎಲೆ ತೊಯ್ದಾಗಿರುತ್ತದೆ. ಬಿರುಸು ಮಳೆಯಲ್ಲಿ ಬಟ್ಟಲು ಮಗುಚುವ ಕ್ಷಣಗಳಲ್ಲಿ ನೀರು ಲೆಕ್ಕ ತಪ್ಪಿ ಮೊತ್ತ ಕಡಿಮೆ ಬರುತ್ತದೆ. ಆದ್ದರಿಂದ ಪಕ್ಕದಲ್ಲೊಂದು ಸಾದಾ ಮಾಪಕ ಇರಲಿ. ಎರಡರ ಮೊತ್ತ ದಿನವೂ ಹೋಲಿಸಿದರೆ ತರಗೆಲೆ, ಇರುವೆ, ಜೇಡರ ಬಲೆ ಕಟ್ಟಿಕೊಂಡದ್ದು ಕೂಡಲೇ ತಿಳಿಯುತ್ತದೆ. ಬಾಯಿಯ ವಿಸ್ತಾರ 200 ಚದರ ಸೆಂಟಿಮೀಟರ್ ಇರುವ ಮಾಪಕಕ್ಕೆ 200 ಮಿಲಿಲೀಟರ್ ನೀರನ್ನು ಅರ್ಧ ಗಂಟೆಯಲ್ಲಿ ಹನಿಹನಿಯಾಗಿ ಬಿಟ್ಟರೆ ಅದು 10 ಮಿಲಿಮೀಟರ್ ಮಳೆಗೆ ಸಮ. 0.2ರ ಬಟ್ಟಲು 50 ಸಲ ಮಗುಚಬೇಕು. ಹಂಗಾಮಿಗೊಮ್ಮೆ ಈ ಪರೀಕ್ಷೆ ಮಾಡಿದರೆ ಸಾಕು.

ಗಾಳಿ, ಬೀಜಕಣ

ಗಾಳಿ ಬೀಜಕಣ ಹೊರುತ್ತದೆ, ಎಲೆಯನ್ನೂ ಆರಿಸುತ್ತದೆ. ವಿಮಾನ ನಿಲ್ದಾಣದ 10 ಮೀಟರ್ ಎತ್ತರದ ಗಾಳಿಯ ವೇಗವನ್ನು ಹೊಲಕ್ಕೆ ಹಚ್ಚಬಾರದು; 2 ಮೀಟರಿನಲ್ಲಿ ಅಳೆದದ್ದು ಬೆಳೆಗೆ ಹತ್ತಿರ. ಹವೆ ಎಷ್ಟೇ ಒಗ್ಗಲಿ, ರೋಗಾಣು ಬಾರದೆ ರೋಗವಿಲ್ಲ. ಹರ್ಸ್ಟ್ ಎಂಬ ವಿಜ್ಞಾನಿ 1952ರಲ್ಲಿ ರೂಪಿಸಿದ ಬೀಜಕಣ ಬಲೆ ನಿಮಿಷಕ್ಕೆ 10 ಲೀಟರ್ ಗಾಳಿ ಎಳೆದು, ಗಂಟೆಗೆ 2 ಮಿಲಿಮೀಟರ್ ಸರಿಯುವ ಅಂಟುಪಟ್ಟಿಯ ಮೇಲೆ ಕಣಗಳನ್ನು ಕೂಡಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಗಂಟೆಯಲ್ಲಿ ಎಷ್ಟು ಕಣ ಬಂದವೆಂದು ತಿಳಿಯುತ್ತದೆ.

ಸೋಂಕು ತಗುಲಿದ ದಿನವನ್ನೇ ಹಿಡಿಯಲು ಇನ್ನೊಂದು ಸೊಗಸಾದ ಉಪಾಯವಿದೆ. ಕುಂಡದಲ್ಲಿ ಬೆಳೆಸಿದ ಆರೋಗ್ಯವಂತ ಗಿಡಗಳನ್ನು ಒಂದು ದಿನ ಹೊಲದಲ್ಲಿಟ್ಟು, ಮರುದಿನ ಒಳಗೆ ತಂದು, ರೋಗ ಬರುತ್ತದೋ ಎಂದು ಕಾಯುವುದು. ದಿನವೂ ಹೊಸ ಕುಂಡ. ರೋಗ ಬಂದ ಕುಂಡ ಹೊಲದಲ್ಲಿದ್ದ ದಿನದ ಹವೆಯನ್ನು, ಬಾರದ ದಿನಗಳ ಹವೆಯೊಂದಿಗೆ ಹೋಲಿಸಿದರೆ ಸೂತ್ರ ತಾನಾಗಿ ಮೈದಾಳುತ್ತದೆ. ರೋಗ ಬಾರದ ದಿನದ ಅಂಕಿಗೂ ಬಂದ ದಿನದಷ್ಟೇ ಬೆಲೆ ಇದೆ.

ಅಡಿಕೆ ತೋಟದಲ್ಲಿ ಲೆಕ್ಕ ಬೇರೆ

ಮಲೆನಾಡು, ಕರಾವಳಿಯ ಅಡಿಕೆಗೆ ಬರುವ ಕೊಳೆರೋಗವೂ ಫೈಟಾಫ್ತೊರಾ ಕುಲದ್ದೇ. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ 1910ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದು, ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಇಂದಿಗೂ ಮಳೆಗಾಲ ಹಿಡಿಯುವ ಮೊದಲೊಮ್ಮೆ, 40–45 ದಿನಕ್ಕೆ ಇನ್ನೊಮ್ಮೆ ಮದ್ದು ಹೊಡೆಯುವುದು ಕ್ರಮ. ಎರಡನೆಯ ಮದ್ದಿಗೆ ಮಳೆ ಬಿಡುವು ಕೊಡಬೇಕು, ಮರ ಹತ್ತುವ ಕೊನೆಗಾರ ಸಿಗಬೇಕು. ಆದ್ದರಿಂದ ಹವೆಯ ಮುನ್ಸೂಚನೆಗೆ ಇಲ್ಲಿ ಬಹಳ ಬೆಲೆ.

ಕೊನೆ, ಅಂದರೆ ಅಡಿಕೆಯ ಗೊಂಚಲು, ಇರುವುದು ಮರದ ತುದಿಯಲ್ಲಿ, ಹತ್ತು ಮೀಟರಿಗೂ ಮೇಲೆ. ತೋಟದ ನೆಲದಲ್ಲಿ ದಿನವಿಡೀ ನೆರಳು, ತೇವ, ನಿಂತ ಗಾಳಿ. ತುದಿಯಲ್ಲಿ ಬಿಸಿಲು, ಗಾಳಿ, ನೇರ ಮಳೆ. ನೆಲದ ಸೆನ್ಸರ್ ಕೊನೆಯ ಸ್ಥಿತಿ ಹೇಳಲಾರದು. ಕಂಬವೊಂದನ್ನು ನೆಟ್ಟು ಕೊನೆಯ ಮಟ್ಟದಲ್ಲಿ ಉಷ್ಣಾಂಶ, ಆರ್ದ್ರತೆ, ಒದ್ದೆ ಅಳೆಯಬೇಕು. ಇಲ್ಲಿ ತೊಯ್ಯುವುದು ಕಾಯಿಯ ಮೈ, ತೊಟ್ಟಿನ ಸಂದಿ. ಎಲೆಯಂಥ ಚಪ್ಪಟೆ ಸೆನ್ಸರಿಗಿಂತ ಸಂದಿಯಲ್ಲಿ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ. ಕಣ್ಣಿನ ಸಾಕ್ಷಿ ಇಲ್ಲಿ ಇನ್ನೂ ಅಗತ್ಯ.

ದಾಖಲೆಯ ಶಿಸ್ತು

ಅಳತೆ ಎಷ್ಟೇ ಚೆನ್ನಾಗಿರಲಿ, ಬರೆದಿಡುವ ಕ್ರಮ ತಪ್ಪಿದರೆ ಶ್ರಮವೆಲ್ಲ ವ್ಯರ್ಥ. ನಾಲ್ಕು ಸಂಗತಿಗಳನ್ನು ಬಿಡದೆ ಪಾಲಿಸಬೇಕು.

ಮೊದಲನೆಯದಾಗಿ, ದಿನವನ್ನು ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಎಣಿಸಿ. ಎಲೆ ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಒದ್ದೆಯಿದ್ದರೆ ಅದು 12 ಗಂಟೆಯ ಒಂದೇ ಅವಧಿ. ನಡುರಾತ್ರಿಗೆ ದಿನ ಕಡಿದರೆ 4 ಮತ್ತು 8 ಎಂದು ಎರಡು ತುಂಡಾಗುತ್ತದೆ. ರೋಗಾಣುವಿಗೆ ತಾರೀಖಿನ ಗೆರೆ ಇಲ್ಲ. ಪ್ರಕಟಿತ ಸೂತ್ರವೊಂದನ್ನು ಪರೀಕ್ಷಿಸುವಾಗ ಮಾತ್ರ ಆ ಸೂತ್ರ ದಿನವನ್ನು ಹೇಗೆ ಎಣಿಸುತ್ತದೋ ಹಾಗೇ ಎಣಿಸಬೇಕು.

ಎರಡನೆಯದಾಗಿ, ಸೊನ್ನೆ ಬೇರೆ, ಅಂಕಿ ಇಲ್ಲದಿರುವುದು ಬೇರೆ. ಬ್ಯಾಟರಿ ಸತ್ತ ದಿನ ಮಳೆ ಸೊನ್ನೆ ಎಂದು ಬರೆದರೆ ಅದು ಸುಳ್ಳು ಸಾಕ್ಷಿ. ಖಾಲಿ ಬಿಟ್ಟು ಕಾರಣ ಬರೆಯಿರಿ.

ಮೂರನೆಯದಾಗಿ, ಹೊಲದ ಕೆಲಸಗಳನ್ನೂ ಅದೇ ದಾಖಲೆಯಲ್ಲಿ ಸೇರಿಸಿ: ನೀರು ಹಾಯಿಸಿದ ಹೊತ್ತು, ಸಿಂಪಡಣೆ, ಸಾಲು ಏರು ಹಾಕಿದ ದಿನ, ಸೆನ್ಸರ್ ತೊಳೆದದ್ದು, ಬದಲಿಸಿದ್ದು. ಸೆನ್ಸರಿನ ಎತ್ತರ, ದಿಕ್ಕು, ಬಣ್ಣ, ಒದ್ದೆಯ ಗೆರೆ, ಉಪ್ಪಿನ ಪರೀಕ್ಷೆಯ ಫಲ ಇವಿಲ್ಲದ ಅಂಕಿಯನ್ನು ಇನ್ನೊಬ್ಬರು ಬಳಸಲಾರರು.

ನಾಲ್ಕನೆಯದಾಗಿ, ರೋಗದ ಅಂಕಿಯೂ ಅಷ್ಟೇ ಶಿಸ್ತಿನದಾಗಿರಲಿ. ಅದೇ ಗುರುತಿನ ಗಿಡಗಳನ್ನು, ಸಾಧ್ಯವಾದಷ್ಟೂ ಒಬ್ಬರೇ, ಮೂರು ದಿನಕ್ಕೊಮ್ಮೆ ನೋಡಬೇಕು. ಸೋಂಕು ತಗುಲಿ ಕಲೆ ಕಾಣಲು ಕೆಲವು ದಿನ ಬೇಕು. ಕಲೆ ಕಂಡ ದಿನದ ಹವೆಯಲ್ಲಿ ಕಾರಣ ಹುಡುಕದೆ ಆ ಕೆಲವು ದಿನ ಹಿಂದಕ್ಕೆ ಹೋಗಬೇಕು.

ಹೊಲದಿಂದ ಹೋಬಳಿಗೆ

ಪ್ರತಿ ಹೊಲದಲ್ಲೂ ಇಷ್ಟೆಲ್ಲ ಇಡಲಾಗದು, ಇಡಬೇಕಾಗಿಯೂ ಇಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನು, ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನಡೆಸುತ್ತಿದೆ. ಇಷ್ಟು ದಟ್ಟ ಜಾಲ ಇರುವುದು ನಮ್ಮ ಸಸ್ಯರೋಗ ಸಂಶೋಧನೆಗೆ ದೊಡ್ಡ ಆಸ್ತಿ. ಮಾಡಬೇಕಾದದ್ದು ಇದು: ಪ್ರತಿ ಬೆಳೆ ವಲಯದಲ್ಲಿ ಕೆಲವು ಹೊಲಗಳನ್ನಾದರೂ ಆರಿಸಿ, ಎರಡು ಮೂರು ಹಂಗಾಮು ಬೆಳೆಯೊಳಗೆ ನಿಷ್ಠೆಯಿಂದ ಅಳೆದು, ಹೋಬಳಿ ಕೇಂದ್ರದ ಆರ್ದ್ರತೆ ಇಷ್ಟಿದ್ದಾಗ ಎಲೆಯ ಮೇಲೆ ಒದ್ದೆ ಎಷ್ಟು ಗಂಟೆ ಇತ್ತೆಂಬ ನಂಟನ್ನು ಕಂಡುಹಿಡಿಯುವುದು. ಆ ನಂಟು ಒಮ್ಮೆ ಗಟ್ಟಿಯಾದರೆ ಹೋಬಳಿಯ ಅಂಕಿಯಿಂದಲೇ ನೂರಾರು ಹೊಲಗಳಿಗೆ ಎಚ್ಚರಿಕೆ ಕಳಿಸಬಹುದು.

ಕೃಷಿ ಕಾಲೇಜಿನ ಸಣ್ಣ ತಂಡವೂ ಇದನ್ನು ಶುರುಮಾಡಬಹುದು. ಒಳ್ಳೆಯ ಕವಚದ ಒಂದು ಉಷ್ಣಾಂಶ–ಆರ್ದ್ರತೆ ಸೆನ್ಸರ್, ಎರಡು ಎಲೆ ಒದ್ದೆಯ ಸೆನ್ಸರ್, ಒಂದು ಲಾಗರ್, ಎರಡು ಬಗೆಯ ಮಳೆಮಾಪಕ, ಉಪ್ಪಿನ ಡಬ್ಬಿ, ಬೆಳಗಿನ ಜಾವ ಹೊಲದಲ್ಲಿ ನಿಲ್ಲುವ ವಿದ್ಯಾರ್ಥಿಗಳು, ಒಂದು ದಪ್ಪ ನೋಟ್‌ಬುಕ್. ಇವಿಷ್ಟರಿಂದ ಬರುವ ಅಂಕಿ ನಂಬಿಕೆಗೆ ಅರ್ಹವಾಗಿದ್ದರೆ, ಇವತ್ತು ಹೊಡೆಯಲೇ ಎಂದು ಕೇಳುವ ರೈತನಿಗೆ ಹೌದು ಎಂದೋ ಬೇಡ ಎಂದೋ ಧೈರ್ಯವಾಗಿ ಹೇಳಬಹುದು. ಬೇಡ ಎಂದ ದಿನ ಅವನ ಒಂದು ಸಿಂಪಡಣೆಯ ಖರ್ಚು ಉಳಿಯುತ್ತದೆ, ಮಣ್ಣಿಗೆ ನೀರಿಗೆ ಅಷ್ಟು ವಿಷ ಕಡಿಮೆಯಾಗುತ್ತದೆ. ಹೌದು ಎಂದ ದಿನ ಅವನ ಬೆಳೆ ಉಳಿಯುತ್ತದೆ.